ಎರಡು ತಟ್ಟು

ಬೆಳಗಿನ ಎಂಟು ಗಂಟೆಯ ಕರೆಯಲ್ಲಿ ತಮ್ಮ "ಇನ್ನೇನಾದ್ರೂ ಹೇಳೋದಿದೆಯಾ ಅಕ್ಕ?" ಎಂದು ಕೇಳಿದಾಗ ಅವಳ ಬಾಯಿಂದ ಬಂದದ್ದು "ಶಾಲು ಸರಿಯಾಗಿ ಹೊದ್ಕೊಂಡು ಮಲಗು" ಎನ್ನುವ ಮಾತು. ಹೇಳಬೇಕೆಂದಿದ್ದದ್ದು ಅದಲ್ಲ. ಅದನ್ನು ಹಿಂದಿನ ಸಂಜೆಯಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು, ಊಟವನ್ನು ಕೆದಕಿ ಬಿಟ್ಟು, ಈ ಎಂಟು ಗಂಟೆಯನ್ನೇ ಕಾದಿದ್ದಳು. 'ಆ ಪೆಟ್ಟಿಗೆ ಇವತ್ತು ಹಾಕಬೇಡ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ವೈರ್‌ಲೆಸ್ ಕೋಣೆಯಲ್ಲಿ ಅವಳ ಕುರ್ಚಿಯ ಬೆನ್ನ ಮೇಲೆ ದೊಡ್ಡವರು ಕೈಯಿಟ್ಟು ನಿಂತಿದ್ದರು. ಮಿಷನ್ನಿನ ಆಸ್ಪತ್ರೆ, ಶಾಲೆ, ಪ್ರಾರ್ಥನಾಮಂದಿರ ಎಲ್ಲಕ್ಕೂ ಹಿರಿಯರಾದ ಅವರನ್ನು ಆವರಣದಲ್ಲಿ ಎಲ್ಲರೂ ಕರೆಯುವುದು ದೊಡ್ಡವರು ಎಂದೇ. ಅವರು ಮುಟ್ಟಿದ್ದು ಕುರ್ಚಿಯನ್ನು, ಅವಳನ್ನಲ್ಲ. ಆದರೂ ಹೆಗಲ ಮೇಲೆ ಯಾರೋ ಕೂತಂತೆ ಅವಳಿಗೆ ಭಾರವಾಗಿತ್ತು. ಹತ್ತೊಂಬತ್ತು ದಿನ ಕಾಡಿನಲ್ಲಿ ನಡೆದು ತಮ್ಮ ಹಿಂದಿನ ದಿನ ಕೊನೆಗೂ, ಮಿಷನ್ನಿನ ಮಾತು ಇನ್ನೂ ಕೇಳದ ಆ ಕಾಡಿನ ಜನರ ಗುಡಿಸಲುಗಳನ್ನು ಮುಟ್ಟಿದ್ದ. ನಲವತ್ತು ಜನ ಇರಬಹುದು, ಓಡಿಹೋಗಲಿಲ್ಲ, ಅವನು ಕೊಟ್ಟ ಉಪ್ಪನ್ನು ತೆಗೆದುಕೊಂಡರು, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರನ್ನೂ ಕೂರಿಸಿ, ಪಾಠಗಳ ಟೇಪು ತುಂಬಿದ ಪೆಟ್ಟಿಗೆಯ ಹಿಡಿ ತಿರುಗಿಸಿ ಕೇಳಿಸುತ್ತೇನೆ ಎಂದ. "ಮೂವತ್ತೆರಡನೇ ಪಾಠಾನೇ ಮೊದಲು ಹಾಕ್ತೀನಿ ಅಕ್ಕ, ಯೇಸು ಎದ್ದು ಬರೋದು. ಸಂತೋಷದ್ದರಿಂದಲೇ ಶುರುವಾಗ್ಲಿ." ಆಮೇಲೆ ಆ ಟೇಪಿಗೆ ದನಿ ಕೊಟ್ಟ ಮುದುಕ ಹೇಗಿದ್ದಾನೆಂದು ವಿಚಾರಿಸಿದ. ಅವಳು ಬಾಯಿ ತೆರೆಯುವ ಮೊದಲೇ ದೊಡ್ಡವರು ಬಗ್ಗಿ ಗುಂಡಿ ಒತ್ತಿ, "ವಿಶ್ರಾಂತಿಯಲ್ಲಿದ್ದಾರಪ್ಪ, ನೀನು ಧೈರ್ಯವಾಗಿರು" ಎಂದರು. ಸುಳ್ಳೆಂದು ಯಾರೂ ಬೆರಳು ತೋರಿಸುವಂತಿರಲಿಲ್ಲ. ಮುದುಕ ಸತ್ತು ಹನ್ನೊಂದು ದಿನವಾಗಿತ್ತು.

ಶಾಲು! ತನ್ನ ಕೋಣೆಗೆ ವಾಪಸು ಬರುವಾಗ ಅಂಗಳದುದ್ದಕ್ಕೂ ಆ ಒಂದು ಮಾತು ಅವಳನ್ನು ಚುಚ್ಚುತ್ತಿತ್ತು. ಈ ಸೆಕೆಯಲ್ಲಿ ಶಾಲಂತೆ. ವೈರ್‌ಲೆಸ್‌ನವನು ಕೂಡ ಮೀಸೆಯೊಳಗೇ ನಕ್ಕಿದ್ದ. ಇನ್ನು ಸಂಜೆ ನಾಲ್ಕು ಗಂಟೆಯವರೆಗೆ ತಮ್ಮನ ಸೆಟ್ಟು ಮುಚ್ಚಿರುತ್ತದೆ. ಬ್ಯಾಟರಿ ಉಳಿಯಬೇಕೆಂದು ದಿನಕ್ಕೆ ಎರಡೇ ಕರೆ, ಎಂಟಕ್ಕೊಂದು ನಾಲ್ಕಕ್ಕೊಂದು ಎಂದು ಗೊತ್ತುಮಾಡಿದ್ದರು. ನಡುವೆ ಆಕಾಶವೇ ಕಳಚಿ ಬಿದ್ದರೂ ಅವನಿಗೆ ತಿಳಿಸುವ ದಾರಿಯಿಲ್ಲ. ಇದ್ದ ಒಂದೇ ದಾರಿಯನ್ನು ಅವಳು ಶಾಲಿನಲ್ಲಿ ಸುತ್ತಿ ಕಳಿಸಿಬಿಟ್ಟಿದ್ದಳು.

ಅವಳ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಹಳೆಯ ಕಂಬಳಿ ಬಡಿದು, ಬಾಗಿಲಿಗೆ ಎರಡು ಪದರ ಹಾಸಿಗೆಬಟ್ಟೆ ಇಳಿಬಿಟ್ಟು, ಹೊರಗಿನ ಸದ್ದು ಒಳಗೆ ಬರದಂತೆ ಮಾಡಿದ್ದರು. ಮೇಜಿನ ಮೇಲೆ ಟೇಪಿನ ಯಂತ್ರ, ಓರೆಯಾಗಿ ಗೀಟು ಕೊರೆದ ಒಂದು ಲೋಹದ ಪಟ್ಟಿ, ಬ್ಲೇಡು, ಅಂಟುಪಟ್ಟಿಯ ಸುರುಳಿ. ಟೇಪನ್ನು ಆ ಗೀಟಿನಲ್ಲಿ ಕೂರಿಸಿ, ಬೇಡದ ಸದ್ದು ಶುರುವಾಗುವ ಕಡೆ ಒಂದು ಗೀರು, ಮುಗಿಯುವ ಕಡೆ ಇನ್ನೊಂದು ಗೀರು ಹಾಕಿ, ಎರಡು ತುದಿಯನ್ನು ಜೋಡಿಸಿ ಅಂಟಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದಾಳೆ. ಕತ್ತರಿಯನ್ನು ಒಂದು ದಿನವೂ ಮುಟ್ಟಿದವಳಲ್ಲ, ಆದರೂ ಆವರಣದಲ್ಲಿ ಅವಳಿಗೆ ಕತ್ತರಿಯಕ್ಕ ಎಂದೇ ಹೆಸರು ಬಿದ್ದಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ, ಇರುವವನು ತಮ್ಮನೊಬ್ಬ. "ನಮ್ಮಕ್ಕನ ಮುಂದೆ ಕೆಮ್ಮಬೇಡಿ, ಕತ್ತರಿಸಿಬಿಡ್ತಾಳೆ" ಎಂದು ಅವನು ಹೊಸಬರಿಗೆಲ್ಲ ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಅವಳಿಗೆ ಹೆಮ್ಮೆಯೂ ಇತ್ತು. ಅವಳು ಅಂಟಿಸಿದ ಕಡೆ ಯಾರ ಕಿವಿಗೂ ಗಂಟು ಸಿಗುತ್ತಿರಲಿಲ್ಲ. ಸಿಕ್ಕರೆ ತೋರಿಸಿ ಎಂದು ಮನಸ್ಸಿನೊಳಗೇ ಸವಾಲು ಹಾಕುತ್ತಿದ್ದಳು.

ಮುದುಕನನ್ನು ಕಾಡಿನಂಚಿನಿಂದ ಹೊತ್ತು ತಂದದ್ದು ಎದೆಯ ಕಾಯಿಲೆಗೆ. ಮಂಚದ ಮೇಲೆ ಮಲಗಲಾರೆನೆಂದು ನೆಲದ ಮೇಲೆ ಮಲಗುತ್ತಿದ್ದ, ದಾದಿಯರ ಜೊತೆ ಸನ್ನೆಯಲ್ಲೇ ಜಗಳವಾಡುತ್ತಿದ್ದ. ಅವನ ಮಾತು ಬಲ್ಲವಳೆಂದರೆ ಆಸ್ಪತ್ರೆಯ ಬಟ್ಟೆ ಒಗೆಯುವವಳೊಬ್ಬಳೇ. ಅವಳೂ ಆ ಜನರ ಪೈಕಿಯೇ, ಹತ್ತು ವರ್ಷದವಳಿದ್ದಾಗ ಮಿಷನ್ನಿಗೆ ಸೇರಿದವಳು. ನಾಲ್ಕು ತಿಂಗಳು ಈ ಕಿಟಕಿಯಿಲ್ಲದ ಕೋಣೆಯಲ್ಲಿ ನಾಲ್ವರೂ ಕೂತರು. ತಮ್ಮ ಒಂದು ವಾಕ್ಯ ಓದುವುದು, ಒಗೆಯುವವಳು ಅದನ್ನು ಅವರ ಭಾಷೆಗೆ ತಿರುಗಿಸುವುದು, ಮುದುಕ ಅದನ್ನು ಗಟ್ಟಿಯಾಗಿ ಹೇಳುವುದು. ಆಮೇಲೆ ಅವಳು ಒಬ್ಬಳೇ ಕೂತು ತಮ್ಮನನ್ನೂ ಒಗೆಯುವವಳನ್ನೂ ಕತ್ತರಿಸಿ ತೆಗೆದು, ಮುದುಕನ ವಾಕ್ಯಗಳನ್ನಷ್ಟೇ ಒಂದಕ್ಕೊಂದು ಅಂಟಿಸುತ್ತಿದ್ದಳು. ಕೇಳಿದವರಿಗೆ ಒಬ್ಬ ಹಿರಿಯ ತನ್ನ ಜನರೆದುರು ಕೂತು, ಎಲ್ಲೂ ತಡೆಯದೆ, ಇಡೀ ಕಥೆಯನ್ನು ತಾನೇ ಹೇಳುತ್ತಿದ್ದಾನೆ ಎನ್ನಿಸಬೇಕು. ಎನ್ನಿಸುತ್ತಿತ್ತು ಕೂಡ. ತಮ್ಮ ಆ ಭಾಷೆಯನ್ನು ತೊದಲುವಷ್ಟು ಕಲಿತುಕೊಂಡ. ಅವಳಿಗೆ ಅದರ ಒಂದು ಪದವೂ ಬರುತ್ತಿರಲಿಲ್ಲ, ಆದರೆ ಅವನ ಕೆಮ್ಮು ಯಾವ ಮಾತಿನ ನಂತರ ಬರುತ್ತದೆ, ಸುಸ್ತಾದಾಗ ಅವನ ದನಿ ಎಲ್ಲಿ ಬಿರಿಯುತ್ತದೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ಅವಳಿಗೆ ತಲೆನೋವಾಗಿದ್ದದ್ದು ಕೆಮ್ಮಲ್ಲ. ಪ್ರತಿಯೊಂದು ವಾಕ್ಯಕ್ಕೂ ಮುಂಚೆ ಮುದುಕ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟುತ್ತಿದ್ದ. ಟಪ್ ಟಪ್. ಮೈಕು ಕುಣಿದುಹೋಗುತ್ತಿತ್ತು. ತಟ್ಟಬೇಡ ಅಜ್ಜ ಎಂದು ಕೈಸನ್ನೆ ಮಾಡಿದಳು. ಅವನು ತಲೆಯಾಡಿಸಿ ಮತ್ತೆ ತಟ್ಟಿದ. ಮೇಜಿನ ಮೇಲೆ ಕಂಬಳಿ ಮಡಿಸಿ ಹಾಸಿದರೆ ಕುರ್ಚಿಯ ಕೈ ತಟ್ಟಿದ. ಎರಡೂ ಕೈಗೆ ಬ್ಯಾಂಡೇಜಿನ ಉಂಡೆ ಕೊಟ್ಟು ಹಿಡಿದುಕೋ ಎಂದರೆ ಕಾಲಿನಿಂದ ನೆಲ ತಟ್ಟಿದ. ತಮ್ಮ ಬಿದ್ದು ಬಿದ್ದು ನಕ್ಕ. "ಬಿಡಕ್ಕ, ಮುದುಕರ ಹುಚ್ಚು. ಆಮೇಲೆ ತೆಗೆದರಾಯ್ತು." ಅವಳು ತೆಗೆದಳು, ಒಂದೊಂದಾಗಿ. ಮೂವತ್ತೆರಡು ಪಾಠಗಳಲ್ಲಿ ಸಾವಿರಕ್ಕೂ ಮೇಲಿದ್ದವು. ಕಿರುಬೆರಳಿನಷ್ಟುದ್ದದ ಆ ಕಂದು ಚೂರುಗಳು ಕಾಲಡಿಯ ಬುಟ್ಟಿಯಲ್ಲಿ ತುಂಬಿಕೊಳ್ಳುತ್ತಿದ್ದವು. ಶನಿವಾರ ಆಸ್ಪತ್ರೆಯ ಕೊಳಕು ಹತ್ತಿಯ ಜೊತೆ ಅವೂ ಹಿತ್ತಿಲಿನ ಗುಂಡಿಯಲ್ಲಿ ಸುಟ್ಟುಹೋಗುತ್ತಿದ್ದವು.

ನಿನ್ನೆ ಸಂಜೆ ಒಗೆಯುವವಳ ಜೊತೆ ಸೇರಿ ಹಾಸಿಗೆಬಟ್ಟೆ ಮಡಿಸುತ್ತಿದ್ದಳು. ಇಬ್ಬರೂ ಎರಡೆರಡು ಮೂಲೆ ಹಿಡಿದು, ಜಾಡಿಸಿ, ಹತ್ತಿರ ಬಂದು, ಮತ್ತೆ ದೂರ ಹೋಗಿ. ಮಾತಿಗೆ ಮಾತು ಬಂದು, ನಾಳೆ ತಮ್ಮ ಅಲ್ಲಿ ಪೆಟ್ಟಿಗೆ ಹಾಕುತ್ತಾನೆ, ನಿನ್ನ ಜನ ಕೇಳ್ತಾರೆ ಎಂದಳು. ಸುಮ್ಮನೆ, ಅವಳಿಗೆ ಖುಷಿಯಾಗಲೆಂದು. ಒಗೆಯುವವಳು ಬಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತಳು.

"ತಟ್ಟಿದ್ದು ಇದೆಯಲ್ಲಕ್ಕ ಅದರಲ್ಲಿ?"

"ಅದನ್ನೆಲ್ಲ ಆವತ್ತೇ ತೆಗೆದುಬಿಟ್ಟೆ ಕಣೇ. ಕಿವಿ ಒಡೆದುಹೋಗ್ತಿತ್ತು."

"ಎಲ್ಲಾನೂ?"

"ಒಂದೂ ಬಿಟ್ಟಿಲ್ಲ." ಹೆಮ್ಮೆಯಿಂದಲೇ ಹೇಳಿದ್ದಳು.

ಒಗೆಯುವವಳು ಯಾವುದೋ ಮನೆಯ ಒಲೆ ಹಚ್ಚುವ ಕ್ರಮ ಹೇಳುವವಳಂತೆ ಹೇಳಿದಳು. ಅವರಲ್ಲಿ ಬೇರೆಯವರ ಮಾತನ್ನು ತನ್ನ ಬಾಯಲ್ಲಿ ಹೇಳುವಾಗ ಮೊದಲು ಎರಡು ಸಲ ತಟ್ಟಬೇಕು. ನೆಲವೋ, ಮರವೋ, ಮಂಡಿಯೋ, ಏನಾದರೂ. ಇದು ನನ್ನದಲ್ಲ, ಇನ್ನೊಬ್ಬರದ್ದು, ನಾನು ತಂದುಕೊಡುತ್ತಿದ್ದೇನೆ ಅಂತ. ತಟ್ಟದೆ ಹೇಳಿದ್ದು ಹೇಳಿದವನದೇ. ಅದಕ್ಕೆ ಅವನು ತಲೆ ಕೊಡಬೇಕು. "ಮಕ್ಕಳಿಗೂ ಗೊತ್ತಿರುತ್ತೆ. ಅಮ್ಮ ಕರೀತಾಳೆ ಅಂತ ಹೇಳೋಕೆ ಬಂದ ಮಗೂನೂ ಬಾಗಿಲು ತಟ್ಟಿಯೇ ಹೇಳೋದು."

"ಮತ್ತೆ ನೀನು ಯಾವತ್ತೂ ತಟ್ಟಿದ್ದೇ ನೋಡಿಲ್ಲ ನಾನು!"

"ಇಲ್ಲಿ ಬಂದ ಮೇಲೆ ಬಿಟ್ಟೆ. ಇಲ್ಲಿ ಎಲ್ಲರೂ ಬೆಳಗಿಂದ ಸಂಜೆವರೆಗೂ ಬೇರೆಯವರ ಮಾತೇ ಆಡ್ತಾರಲ್ಲಕ್ಕ. ಎಷ್ಟೂಂತ ತಟ್ಟೋದು?"

"ಹೇಳಬಾರದಿತ್ತೇನೇ?"

"ನೀವು ಕೇಳಲಿಲ್ಲ" ಎಂದಳು ಒಗೆಯುವವಳು. ಬಟ್ಟೆಯ ಮೂಲೆಗಳನ್ನು ಸರಿಯಾಗಿ ಕೂಡಿಸಿ ಅವಳ ಕೈಗೆ ಕೊಟ್ಟಳು. ಕೋಪವಿರಲಿಲ್ಲ ಆ ಮಾತಿನಲ್ಲಿ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಬೆಳಗಿನಿಂದ ಒಂದು ಗೀರೂ ನೆಟ್ಟಗೆ ಬಂದಿರಲಿಲ್ಲ. ಇನ್ಯಾರದೋ ಉಪದೇಶದ ಟೇಪಿನಲ್ಲಿ ಉಸಿರಿನ ಬದಲು ಅರ್ಧ ಮಾತನ್ನೇ ಕೊಯ್ದುಬಿಟ್ಟಿದ್ದಳು. ಅವಳು ಬೀರುವಿನಿಂದ ಮೂವತ್ತೆರಡನೆಯ ಪಾಠದ, ತಾನು ಕತ್ತರಿಸಿ ಅಂಟಿಸಿದ ಮೂಲ ಟೇಪು ತೆಗೆದು ಯಂತ್ರಕ್ಕೆ ಹಾಕಿ, ಹೆಡ್‌ಫೋನು ಕಿವಿಗೆ ಹಾಕಿಕೊಂಡಳು. ಮುದುಕನ ದನಿ ಮುಖದ ಹತ್ತಿರವೇ ಬಂದಿತು. ಭಾಷೆ ಬಾರದಿದ್ದರೂ ಯಾವ ವಾಕ್ಯ ಯಾವುದೆಂದು ಗೊತ್ತಿತ್ತು. ತಮ್ಮನ ಕೈಬರಹದ ಹಾಳೆ ಎದುರಿಗಿತ್ತು. ಕೇಳುವವರಿಗೆ ಹತ್ತಿರವಾಗಲೆಂದು ಆ ಪಾಠವನ್ನು ಯೇಸುವೇ ಮಾತಾಡುವಂತೆ ತಮ್ಮ ಬರೆದಿದ್ದ. ನಾನು ಸತ್ತೆ. ನನ್ನನ್ನು ಮಣ್ಣಿನೊಳಗೆ ಇಟ್ಟರು. ಮೂರನೆಯ ದಿನ ಎದ್ದೆ. ನೋಡಿ, ನಾನು ಬದುಕಿದ್ದೇನೆ. ಎಲ್ಲವನ್ನೂ ಬಿಟ್ಟು ನನ್ನ ಹತ್ತಿರ ಬನ್ನಿ. ಒಂದು ವಾಕ್ಯಕ್ಕೂ ಮುಂದಿನದಕ್ಕೂ ನಡುವೆ ಕೂದಲೆಳೆಯಷ್ಟೂ ಸಂದಿಯಿಲ್ಲ. ಎಂಥ ಸೊಗಸಾದ ಕೆಲಸ! ಮುದುಕ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ, ತಟ್ಟುತ್ತಿರಲಿಲ್ಲ. ತಾನೇ ಸತ್ತು ತಾನೇ ಎದ್ದು ತನ್ನ ಜನರನ್ನು ಕರೆಯುತ್ತಿದ್ದ.

ಅವನಿಗೆ ಗೊತ್ತಿತ್ತು. ಅದಕ್ಕೇ ಅಲ್ಲವೆ ಕೊನೆಯ ದಿನ, ಯಂತ್ರ ನಿಲ್ಲಿಸಿದ ಮೇಲೆ, ಅವಳ ಮುಂದೋಳನ್ನು ಒಣಗಿದ ಬೆರಳುಗಳಿಂದ ಹಿಡಿದುಕೊಂಡು ಏನನ್ನೋ ಕೇಳಿದ್ದು? ಒಗೆಯುವವಳು ಹೇಳಿದ್ದಳು, "ಪೆಟ್ಟಿಗೆ ಮಾತಾಡುವಾಗ ತಾನು ಪಕ್ಕದಲ್ಲಿ ಕೂತಿರಬೇಕಂತೆ. ತಾನಿಲ್ಲದೆ ಅದು ಬಾಯಿಬಿಡಬಾರದಂತೆ. ಮಾತು ಕೊಡಿ ಅಂತಿದ್ದಾರೆ." ಆಗ ಅದು ಅವಳಿಗೆ ಮುದುಕನ ಜಂಬದಂತೆ ಕಂಡಿತ್ತು. ಆಯ್ತು ಅಜ್ಜ, ನೀನಿಲ್ಲದೆ ಪೆಟ್ಟಿಗೆ ಹೋಗೋದಿಲ್ಲ ಎಂದು ಮಗುವಿಗೆ ಹೇಳಿದಂತೆ ಹೇಳಿದ್ದಳು. ಪಕ್ಕದಲ್ಲಿ ಕೂತು ಅವನು ತಟ್ಟಬೇಕೆಂದಿದ್ದ, ಅಷ್ಟೇ. ಅವಳು ಕಿತ್ತು ಹಾಕಿದ್ದನ್ನೆಲ್ಲ ತನ್ನ ಗೆಣ್ಣಿನಿಂದ ಮತ್ತೆ ಸೇರಿಸಬೇಕೆಂದಿದ್ದ. ಹೊಳೆಗಳು ತುಂಬುವ ಮೊದಲು ಹೊರಡಬೇಕೆಂದು ದೊಡ್ಡವರು ದಿನ ಗೊತ್ತುಮಾಡಿದಾಗ ಮುದುಕ ಏಳುವ ಸ್ಥಿತಿಯಲ್ಲಿರಲಿಲ್ಲ. ತಮ್ಮ ಹೊರಟ. ತಾನು ಕೊಟ್ಟ ಮಾತಿನ ಬಗ್ಗೆ ಅವಳು ತಮ್ಮನಿಗೆ ಉಸಿರೆತ್ತಲಿಲ್ಲ. ಎತ್ತಿದ್ದರೆ ನಿಲ್ಲುತ್ತಿದ್ದನೇನೋ, ಅವನದು ಅಂಥ ಮನಸ್ಸು. ನಿಲ್ಲುವುದು ಅವಳಿಗೇ ಬೇಡವಾಗಿತ್ತು. ನಾಲ್ಕು ತಿಂಗಳ ಕೆಲಸ ಬೀರುವಿನಲ್ಲಿ ಧೂಳು ತಿನ್ನುವುದು ಬೇಡವಾಗಿತ್ತು. ಆಮೇಲೆ ಎಂಟು ದಿನ ಮುದುಕ ವಾರ್ಡಿನ ನೆಲದ ಮೇಲೆ ಮಲಗಿ, ಅವಳು ಹೋದಾಗಲೆಲ್ಲ ಕಣ್ಣಿನಲ್ಲೇ ಪೆಟ್ಟಿಗೆ ಎಲ್ಲಿ ಎಂದು ಕೇಳುತ್ತಿದ್ದ. ನನ್ನ ಬೀರುವಿನಲ್ಲಿದೆ ಎಂದು ಅವಳು ಸನ್ನೆ ಮಾಡಿ ತೋರಿಸುತ್ತಿದ್ದಳು, ಬೀಗ ತಿರುಗಿಸುವಂತೆ ಬೆರಳು ತಿರುಗಿಸಿ. ಅವನು ಸಮಾಧಾನವಾಗಿ ಕಣ್ಣು ಮುಚ್ಚುತ್ತಿದ್ದ. ಅದೇ ಸಮಾಧಾನದಲ್ಲೇ ಸತ್ತ. ಸಾಯುವ ಮುಂಚೆ ಅವನಿಗೊಂದು ಹೊಸ ಹೆಸರಿಟ್ಟಿದ್ದರು. ಆಸ್ಪತ್ರೆಯ ಹಿಂದಿನ ಸುಣ್ಣದ ಗೋಡೆಯಾಚೆ, ಶಿಲುಬೆಯ ಮೇಲೆ ಆ ಹೆಸರು ಬರೆದಿದೆ. ಕಾಡಿನಲ್ಲಿರುವ ಅವನ ಮಗಳು ಬಂದು ಓದಿಸಿ ಕೇಳಿದರೂ ಅದು ಅವಳಪ್ಪನೆಂದು ತಿಳಿಯುವ ಹಾಗಿಲ್ಲ.

ಇನ್ನು ಕೂತಿರಲಾರದೆ ಎದ್ದು ದೊಡ್ಡವರ ಕೋಣೆಗೆ ಹೋದಳು. ಅವರು ದಾನಿಗಳಿಗೆ ಕಳಿಸುವ ಪತ್ರಿಕೆಯ ಕರಡನ್ನು ತಿದ್ದುತ್ತಿದ್ದರು. ಕನ್ನಡಕ ಹಣೆಗೇರಿಸಿ ನಗುಮುಖದಿಂದಲೇ ಬನ್ನಿ ಎಂದರು. ಕೆಟ್ಟವರಲ್ಲ, ಕಾಲರಾ ಬಂದ ವರ್ಷ ತಮ್ಮ ಹಾಸಿಗೆಯನ್ನೇ ವಾರ್ಡಿಗೆ ಕೊಟ್ಟು ಬೆಂಚಿನ ಮೇಲೆ ಮಲಗಿದವರು. ಅವಳು ತಟ್ಟುವ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಅಡುಗೆಮನೆಯ ಹರಟೆಯಂತೆ ಕೇಳಿಸತೊಡಗಿತು.

"ಅಂದ್ರೆ ಮೇಜು ಕುಟ್ಟೋದು?"

"ಹೌದು. ಕುಟ್ಟದೇ ಹೇಳಿದ್ರೆ ಅದು ಅವನದೇ ಮಾತಾಗುತ್ತಂತೆ. ತಾನೇ ಸತ್ತು ಎದ್ದಿದ್ದೀನಿ ಅಂತ ಅವನೇ..."

"ಅಕ್ಕಾ, ಅವರು ನಂಬಿಕೆಯಿಂದಲೇ ತೀರಿಕೊಂಡವರು. ಒಂದು ದಿನ ಏಳೋರೇ. ಅದರಲ್ಲಿ ತಪ್ಪೇನು ಬಂತು?" ದೊಡ್ಡವರು ಕನ್ನಡಕ ಇಳಿಸಿಕೊಂಡರು. "ನೀವು ದಣಿದಿದ್ದೀರಿ. ಇವತ್ತು ನಮಗೆಲ್ಲ ದೊಡ್ಡ ದಿನ. ಸಣ್ಣಪುಟ್ಟದ್ದಕ್ಕೆ ಮನಸ್ಸು ಕೆಡಿಸ್ಕೋಬೇಡಿ."

"ನಾಲ್ಕಕ್ಕಾದ್ರೂ ಅವನಿಗೆ ಹೇಳ್ಬೇಕು, ಸತ್ತಿದ್ದು."

"ಒಬ್ಬನೇ ಇದ್ದಾನೆ ಅಲ್ಲಿ. ಎದೆಗುಂದಿದ್ರೆ? ವಾಪಸು ಬಂದ ಮೇಲೆ ಹೇಳಿದರಾಯ್ತು." ಕರಡನ್ನು ಅವಳತ್ತ ತಿರುಗಿಸಿದರು. ತಮ್ಮನ ಚಿತ್ರವಿತ್ತು, ಮುದುಕನದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಮತ್ತು ಸಹಾಯಕರು' ಎಂದಿತ್ತು. ಅದು ತಾನೇ ಇರಬೇಕು ಎಂದುಕೊಂಡಳು. ಆ ಹೊತ್ತಿನಲ್ಲೂ ಅದರಿಂದ ನೋವಾಯಿತಲ್ಲ ಎಂದು ನಾಚಿಕೆಯಾಯಿತು. ಆಗಲಿ ಎಂದು ಹೇಳಿ ಹೊರಗೆ ಬಂದಳು. 'ಆಗಲಿ' ಎನ್ನುವುದೂ ಅವಳ ಮಾತಲ್ಲ. ಎಳೆಯ ವಯಸ್ಸಿನಿಂದ ಯಾರು ಏನು ಹೇಳಿಕೊಟ್ಟರೋ ಅದನ್ನೇ ಹೇಳುತ್ತ ಬಂದಿದ್ದಳು, ಪ್ರಾರ್ಥನೆಯಲ್ಲಿ, ಊಟದ ಮುಂಚೆ, ರೋಗಿಗಳ ತಲೆದೆಸೆಯಲ್ಲಿ. ಆ ಮಾತುಗಳನ್ನು ಅವಳು ನಂಬಿರಲಿಲ್ಲವೆಂದಲ್ಲ, ಪ್ರಾಣದಂತೆ ನಂಬಿದ್ದಳು. ಆದರೆ ಆ ಜನರ ನಡುವೆ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ತಟ್ಟಿ ತಟ್ಟಿ ಗೆಣ್ಣು ಸವೆದುಹೋಗಿರುತ್ತಿತ್ತು.

ಹನ್ನೆರಡು ಹೊಡೆಯುವಾಗ ಅಂಗಳದ ನಲ್ಲಿಯ ಹತ್ತಿರ ನಿಂತಿದ್ದಳು. ಕೊಡ ತುಂಬಿ ನೀರು ಕಾಲಮೇಲೆ ಹರಿಯುತ್ತಿತ್ತು. ಈಗ ತಮ್ಮ ಪೆಟ್ಟಿಗೆಯನ್ನು ಕಲ್ಲಿನ ಮೇಲೋ ಬೇರಿನ ಮೇಲೋ ಇಟ್ಟಿರುತ್ತಾನೆ. ಹಿಡಿಯನ್ನು ಎಡಗೈಯಲ್ಲಿ ತಿರುಗಿಸುತ್ತಾನೆ, ಬಲಗೈ ಪೂರ್ತಿ ಚಾಚಲು ಬರುವುದಿಲ್ಲ. ಎಂಟು ವರ್ಷದವನಿದ್ದಾಗ ಪ್ರಾರ್ಥನಾಮಂದಿರದ ಗಂಟೆಗೋಪುರದ ಏಣಿ ಹತ್ತಿದ್ದ, ಅಕ್ಕ ಪುಕ್ಕಲಿ ಎಂದು ಕೂಗುತ್ತ. ನಾಲ್ಕನೆಯ ಮೆಟ್ಟಿಲು ಬಿರುಕು ಬಿಟ್ಟಿದ್ದು ಅವಳಿಗೆ ಕಾಣುತ್ತಿತ್ತು. ಬಾಯಿಗೆ ಬಂದಿತ್ತು, ಹೇಳಲಿಲ್ಲ. ಪುಕ್ಕಲಿ ಅಂದನಲ್ಲ, ಹತ್ತಲಿ. ಮೂಳೆ ಮುರಿದು ಮನೆಗೆ ಎತ್ತಿಕೊಂಡು ಹೋಗುವಾಗ ಅವನು ಅವಳ ಕೈಯನ್ನೇ ಹಿಡಿದುಕೊಂಡಿದ್ದ, ಅಕ್ಕ ಬಿಡಬೇಡ ಎಂದು. ಅವಳು ಬಿರುಕು ನೋಡಿದ್ದಳೆಂದು ಇವತ್ತಿನವರೆಗೂ ಅವನಿಗೆ ಗೊತ್ತಿಲ್ಲ. ಎಷ್ಟು ಸಲ ಹೇಳಬೇಕೆಂದು ಹೊರಟು ಬೇರೇನನ್ನೋ ಹೇಳಿದ್ದಾಳೆ, ಉಗುರು ತೆಗೆದುಕೋ, ತಲೆಗೆ ಎಣ್ಣೆ ಹಚ್ಚಿಕೋ, ಶಾಲು ಹೊದ್ದುಕೋ. ಯಾರೋ ಬಂದು ನಲ್ಲಿ ನಿಲ್ಲಿಸಿದರು. ಒಗೆಯುವವಳು.

"ಮಡಿಚೋಕೆ ಬರ್ತೀರಾ ಅಕ್ಕ?"

"ಅವರು ಏನು ಮಾಡ್ತಾರೆ ಕಣೇ?" ಕೊಡ ಅಲ್ಲೇ ಬಿಟ್ಟು ಒಗೆಯುವವಳ ಒದ್ದೆ ಮುಂಗೈ ಹಿಡಿದುಕೊಂಡಳು. "ಅವನನ್ನ ಏನು ಮಾಡ್ತಾರೆ?"

"ಯಾರನ್ನ? ನಿಮ್ಮ ತಮ್ಮನ್ನ?" ಒಗೆಯುವವಳು ಯೋಚಿಸಿದಳು. "ಕೇಳ್ತಾರೆ. ಹಿರಿಯ ತಟ್ಟದೇ ಹೇಳಿದ ಮೇಲೆ ನಿಜ ಅಂತಲೇ ತಗೋತಾರೆ. ನಿಜ ಆಗದಿದ್ರೆ..." ಅಲ್ಲಿಗೆ ನಿಲ್ಲಿಸಿದಳು. "ನಾನು ಸಣ್ಣವಳಿದ್ದಾಗ ಒಬ್ಬ ತಟ್ಟದೇ ಸುಳ್ಳು ಹೇಳಿದ್ದ. ಆಮೇಲೆ ಅವನನ್ನ ನಾನು ನೋಡಲಿಲ್ಲ." ಕೈ ಬಿಡಿಸಿಕೊಂಡು ಬಟ್ಟೆಗಳ ಕಡೆ ಹೋದಳು.

ನಾಲ್ಕು ಗಂಟೆ ಆಗುವುದರೊಳಗೆ ಅವಳು ಏನೇನು ಮಾಡಿದಳೋ ಅವಳಿಗೇ ನೆನಪಿಲ್ಲ. ಮೂರೂವರೆಗೇ ಹೋಗಿ ವೈರ್‌ಲೆಸ್ ಕೋಣೆಯ ಬೆಂಚಿನ ಮೇಲೆ ಕೂತಿದ್ದಳು. ಫಿನಾಯಿಲಿನ ವಾಸನೆ, ಗೋಡೆಯ ಮೇಲೆ ಹಳೆಯ ಕ್ಯಾಲೆಂಡರು. ವೈರ್‌ಲೆಸ್‌ನವನು ಒಂದು ತೂಕಡಿಕೆ ಮುಗಿಸಿ ಕಿವಿ ಕೆರೆದುಕೊಳ್ಳುತ್ತಿದ್ದ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ದೊಡ್ಡವರು ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನಾಲ್ಕಾಯಿತು. ಸೆಟ್ಟು ಹುರಿಯುವ ಬಾಣಲೆಯಂತೆ ಸದ್ದು ಮಾಡುತ್ತಿತ್ತು, ಅಷ್ಟೇ. ನಾಲ್ಕೂ ಐದು, ನಾಲ್ಕೂ ಹತ್ತು. ಯಾವತ್ತೂ ಅವನು ಒಂದು ನಿಮಿಷ ತಡ ಮಾಡಿದವನಲ್ಲ. ದೊಡ್ಡವರು ಕುರ್ಚಿಯ ಬೆನ್ನನ್ನು ಬೆರಳಿನಿಂದ ಒತ್ತುತ್ತಿದ್ದರು. ಅವಳು ಒಳಗೊಳಗೇ ಬೇಡಿಕೊಂಡಳು. ಕಲಿತ ಪ್ರಾರ್ಥನೆ ಒಂದೂ ನೆನಪಿಗೆ ಬರಲಿಲ್ಲ. 'ಬದುಕಿರಲಿ, ಬದುಕಿರಲಿ' ಎಂದಷ್ಟೇ.

"...ಅಕ್ಕಾ? ಕೇಳಿಸ್ತಿದೆಯಾ?"

ಅವಳಿಗೆ ಕೂತಲ್ಲೇ ಕಣ್ಣೀರು ಬಂದಿತು.

"ಕೇಳ್ತಿದೆ! ಹೇಳಪ್ಪ!" ದೊಡ್ಡವರೇ ಗುಂಡಿ ಒತ್ತಿದರು. "ಪಾಠ ಹಾಕಿದೆಯಾ? ಜನ ಏನಂದ್ರು?"

"ಹಾಕಿದೆ. ಎಲ್ಲರೂ ಹೊರಟಿದ್ದಾರೆ. ಗುಡಿಸಲು ಖಾಲಿ ಮಾಡಿ, ಮಕ್ಕಳನ್ನ ಬೆನ್ನಿಗೆ ಕಟ್ಕೊಂಡು ಎಲ್ಲರೂ. ಅಲ್ಲಿಗೇ ಬರ್ತಿದ್ದೀವಿ."

"ಎಲ್ಲರೂ?" ದೊಡ್ಡವರ ದನಿ ಹುಡುಗರ ದನಿಯಂತೆ ಒಡೆಯಿತು. ಮೂವತ್ತು ವರ್ಷ ಕಾದವರು. ಕೆನ್ನೆಯ ಮೇಲೆ ನೀರು ಇಳಿಯುತ್ತಿರುವುದು ಅವರಿಗೆ ತಿಳಿಯಲೇ ಇಲ್ಲ. ವೈರ್‌ಲೆಸ್‌ನವನನ್ನು ರಟ್ಟೆ ಹಿಡಿದು ಎಬ್ಬಿಸಿ, "ಬಾರಯ್ಯ, ಗಂಟೆ ಹೊಡೀಬೇಕು, ಎಲ್ಲರಿಗೂ ಹೇಳ್ಬೇಕು" ಎಂದು ಎಳೆದುಕೊಂಡೇ ಹೋದರು. ಅವರು ಓಡುವುದನ್ನು ಅವಳು ನೋಡಿದ್ದು ಅದೇ ಮೊದಲು. ಅಯ್ಯೋ ಪಾಪ ಎನ್ನಿಸಿತು.

ಕೋಣೆಯಲ್ಲಿ ಅವಳೂ ಸೆಟ್ಟೂ ಉಳಿದರು. ಅವಳು ಬೆಂಚಿನಿಂದೆದ್ದು ಸೆಟ್ಟಿನ ಮುಂದಿನ ಕುರ್ಚಿಗೆ ಬಂದಳು.

"ದೊಡ್ಡವರು ಅಲ್ಲೇ ಇದ್ದಾರಾ ಅಕ್ಕ?"

"ಇಲ್ಲ. ಗಂಟೆ ಹೊಡೆಯೋಕೆ ಹೋದ್ರು."

"ಹಾಗಾದ್ರೆ ಕೇಳು. ಬೇಗ ಹೇಳ್ಬೇಕು." ತಮ್ಮನ ದನಿ ಇಳಿಯಿತು. "ಪಾಠ ಮುಗಿದ ಮೇಲೆ ಮುದುಕನ ಮಗಳು ಎದ್ದು ಬಂದು ಪೆಟ್ಟಿಗೆಗೆ ಕಿವಿ ಇಟ್ಟಳು. ಇನ್ನೊಂದು ಸಲ ಹಾಕಿಸಿದಳು. ಆಮೇಲೆ ಅಪ್ಪ ತಟ್ಟಿಲ್ಲ ಅಂದಳು. ಇಲ್ಲಿ ಬೇರೆಯವರ ಮಾತು ಹೇಳೋ ಮೊದಲು ತಟ್ಟಬೇಕಂತೆ ಅಕ್ಕ. ಈಗ ನನಗೂ ಕಲಿಸಿದ್ದಾರೆ. ನಾವು ನಗ್ತಿದ್ವಲ್ಲ, ಅದು. ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ. ಅಪ್ಪ ಸತ್ತು ಎದ್ದಿದ್ದಾನೆ, ಕರೀತಿದ್ದಾನೆ ಅಂತ ಹೊರಟೇಬಿಟ್ರು. ನನ್ನ ಕೈಯೇನೂ ಕಟ್ಟಿಲ್ಲ. ಆದರೆ ನನ್ನ ಮುಂದೆ ಇಬ್ಬರು, ಹಿಂದೆ ಇಬ್ಬರು. ಎದ್ದವನನ್ನ ಕಣ್ಣಾರೆ ನೋಡಿದ ಮೇಲೆ ಬಿಡ್ತಾರಂತೆ."

"ನೋಡದಿದ್ರೆ?"

"ಅದನ್ನ ಯಾಕೆ ಕೇಳಲಿ? ಅವನು ಅಲ್ಲೇ ಇದ್ದಾನಲ್ಲ." ತಮ್ಮ ನಗಲು ನೋಡಿದ. "ಅಲ್ಲಿ ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿ ಕೂರಿಸು ಸಾಕು. ಬೆನ್ನಿಗೊಂದು ದಿಂಬು ಕೊಡು. ಮಿಕ್ಕಿದ್ದು ಅವನೇ ಹೇಳ್ತಾನೆ. ಅಕ್ಕ? ಹುಷಾರಾಗಿದ್ದಾನಲ್ಲ?"

ಹೊರಗೆ ಗಂಟೆ ಶುರುವಾಯಿತು. ಹಬ್ಬದ ದಿನ ಹೊಡೆಯುವಂತೆ, ಬಿಡುವಿಲ್ಲದೆ. ಜನ ಓಡಿಬರುವ ಸದ್ದು, ಯಾರೋ ಹಾಡು ಎತ್ತಿಕೊಂಡದ್ದು. ಹೇಳಿದರೆ ಅವನು ಅಲ್ಲಿ ಅವರ ನಡುವೆ ಒಬ್ಬಂಟಿಯಾಗಿ ನಿಂತಿದ್ದಾನೆ. ಹೇಳದಿದ್ದರೆ ನಲವತ್ತು ಜನ ಹಸುಳೆಗಳನ್ನು ಹೊತ್ತು ಹತ್ತೊಂಬತ್ತು ದಿನ ನಡೆದು ಬಂದು, ಓದಲಾಗದ ಹೆಸರಿನ ಮಣ್ಣಿನ ಗುಡ್ಡೆಯೆದುರು ನಿಲ್ಲುತ್ತಾರೆ, ಅವನನ್ನು ಮುಂದಿಟ್ಟುಕೊಂಡು. ಹುಷಾರಾಗಿದ್ದಾನೆ ಎನ್ನುವ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ವಿಶ್ರಾಂತಿಯಲ್ಲಿದ್ದಾನೆ ಎನ್ನುವುದೂ ಇತ್ತು. ಶಾಲೂ ಇತ್ತು. ಅವಳ ಬಲಗೈ ತಾನಾಗಿಯೇ ಮಡಚಿ, ಗೆಣ್ಣು ಮೇಜಿನ ಮೇಲೆ ಹೋಗಿ ನಿಂತಿತ್ತು. ಎರಡು ಸಲ ತಟ್ಟಿ ಹೇಳಿಬಿಟ್ಟರೆ ಮುಂದಿನ ಮಾತು ತನ್ನದಾಗುವುದಿಲ್ಲವಲ್ಲ. ಕೈಯನ್ನು ನೋಡಿದಳು. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಗುಂಡಿ ಒತ್ತಿದಳು.

"ಅವನು ಸತ್ತಿದ್ದಾನೆ. ಹನ್ನೊಂದು ದಿನ ಆಯ್ತು. ಹಿಂದಿನ ಗೋಡೆ ಹತ್ತಿರ ಮಣ್ಣು ಮಾಡಿದ್ದೀವಿ. ಎದ್ದಿಲ್ಲ. ಅದು ಅವನ ಮಾತಲ್ಲ. ಅವನು ಪ್ರತಿಯೊಂದಕ್ಕೂ ತಟ್ಟಿದ್ದ, ನಾನು ಕತ್ತರಿಸಿದೆ. ತಾನಿಲ್ಲದೆ ಪೆಟ್ಟಿಗೆ ಕಳಿಸಬೇಡ ಅಂದಿದ್ದ, ನಾನು ಮಾತು ಕೊಟ್ಟು ತಪ್ಪಿದೆ. ಬೆಳಿಗ್ಗೆಯೇ ಗೊತ್ತಿತ್ತು ನನಗೆ. ನಾನು ಹೇಳಲಿಲ್ಲ."

ಗುಂಡಿ ಬಿಟ್ಟಳು. ಬಾಣಲೆಯ ಸದ್ದಿನ ಹಿಂದೆ ಒಂದು ಹೆಂಗಸಿನ ದನಿ ಏನನ್ನೋ ಕೇಳಿತು, ಚಿಕ್ಕದಾಗಿ, ಎರಡು ಸಲ. ಮುದುಕನ ದನಿ ಸುಸ್ತಾದಾಗ ಬಿರಿಯುತ್ತಿದ್ದ ಜಾಗದಲ್ಲೇ ಅದೂ ಬಿರಿಯಿತು. ತಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. ಆ ಉಸಿರನ್ನು ಅವಳು ಯಾವ ಟೇಪಿನಲ್ಲಿದ್ದರೂ ಗುರುತಿಸುತ್ತಿದ್ದಳು.

ಟಪ್ ಟಪ್.

ಆಮೇಲೆ ಅವನು ಅವರ ಭಾಷೆಯಲ್ಲಿ, ತಡೆತಡೆದು, ಪದ ಹುಡುಕಿಕೊಳ್ಳುತ್ತ, ಅವಳ ಮಾತನ್ನು ಅವರಿಗೆ ಹೇಳತೊಡಗಿದ. ಹೊರಗೆ ಗಂಟೆ ಹೊಡೆಯುತ್ತಲೇ ಇತ್ತು.